ಕೊರೊನಾ ಕಾಲದಲ್ಲಿ ವಿವಿ ಸಂಘಗಳು ಏನು ಮಾಡಿದವು? ಕೊಡಗಿನ ನಾವು ಈಗ ಏನು ಕೇಳಬೇಕು?

ಮಡಿಕೇರಿ ಅಧ್ಯಾಪಕ:

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನನ್ನದು ಖಾಯಂ ಹುದ್ದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರು ಖಾಯಂ, ಯಾರು ಗೌರವಧನಕ್ಕೆ ತಾತ್ಕಾಲಿಕವಾಗಿ ಪಾಠ ಮಾಡುವ ಅತಿಥಿ ಅನ್ನುವುದೇ ಈ ಚರ್ಚೆಯಲ್ಲಿ ಮುಖ್ಯ.

2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದಿತು. ಆ ಪಟ್ಟಿಯಲ್ಲಿ ನಮ್ಮ ಕೊಡಗು ವಿವಿ ಕೂಡ ಇತ್ತು. ದುಡ್ಡಿಲ್ಲ, ಕಾಲೇಜು ಕಡಿಮೆ ಅನ್ನುವುದು ಕಾರಣ. ಆಗಿನಿಂದ ವಿವಿ ಇರುವ ಚಿಕ್ಕ ಅಳುವಾರದಿಂದ ವಿರಾಜಪೇಟೆವರೆಗೆ "ವಿವಿ ಉಳಿಯಬೇಕು" ಎಂಬ ಮಾತು ಕೇಳುತ್ತಿದ್ದೇವೆ. ನನಗೂ ಅದು ಉಳಿಯಬೇಕು. ಮೊದಲು ನಾವು ಸೇರಿದ್ದ ಮಂಗಳೂರು ವಿವಿಗೆ ಒಂದು ಅಂಕಪಟ್ಟಿಗಾಗಿ ಘಾಟಿ ಇಳಿದು ಹೋಗಿ ಬರುವ ಕಷ್ಟ ನಮ್ಮ ಮಕ್ಕಳಿಗೆ ಗೊತ್ತು. ಆದರೆ ದುಡ್ಡು ಕಡಿಮೆ ಇಟ್ಟುಕೊಂಡು ಉಳಿಯುವುದಾದರೆ ಯಾರ ಅನ್ನದಿಂದ ಉಳಿಯುತ್ತದೆ? ಇದನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಇಂಥ ಇಕ್ಕಟ್ಟು 2020ರಲ್ಲಿ ಇಡೀ ಪ್ರಪಂಚದ ವಿಶ್ವವಿದ್ಯಾಲಯಗಳಿಗೆ ಒಟ್ಟಿಗೇ ಬಂದಿತ್ತು. ಅಲ್ಲಿನ ನೌಕರರ ಸಂಘಗಳು ಬೇರೆ ಬೇರೆ ದಾರಿ ಹಿಡಿದವು. ನಾನು ಜಾಸ್ತಿ ಓದಿರುವುದು ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿವಿಯದ್ದು. ಅಲ್ಲಿ ಪ್ರಾಧ್ಯಾಪಕರು, ಅರೆಕಾಲಿಕ ಅಧ್ಯಾಪಕರು, ಕಚೇರಿಯವರು, ಊಟದ ಹಾಲ್‌ನವರು, ಎಲ್ಲರಿಗೂ ಬೇರೆ ಬೇರೆ ಸಂಘ. 2020ರ ವಸಂತದಲ್ಲಿ ಅವೆಲ್ಲ ಒಂದು ಒಕ್ಕೂಟವಾಗಿ ಆಡಳಿತದ ಮುಂದೆ ಹೋದವು. "ನಾವು ಕೆಲಸದ ಸಮಯ ಕಡಿಮೆ ಮಾಡಿಕೊಳ್ಳುತ್ತೇವೆ. ಸಂಬಳ ಅಷ್ಟು ಉಳಿಸಿಕೊಳ್ಳಿ. ಆದರೆ ಒಬ್ಬರನ್ನೂ ಕೆಲಸದಿಂದ ತೆಗೆಯಬಾರದು." ಇದು ಅವರ ಮಾತು. ಹೀಗೆ ಸಮಯ ಕಡಿಮೆಯಾದವರಿಗೆ ರಾಜ್ಯದ ನಿರುದ್ಯೋಗ ವಿಮೆಯಿಂದ ಒಂದು ಪಾಲು ಬರುತ್ತಿತ್ತು. ಅದರ ಮೇಲೆ ಕೇಂದ್ರ ಸರ್ಕಾರ ವಾರಕ್ಕೆ 600 ಡಾಲರ್ ಕೊಡುತ್ತಿತ್ತು. ಹಾಗಾಗಿ ಕಡಿಮೆ ಸಂಬಳದವರಿಗೆ ಕೈಯಿಂದ ಏನೂ ಹೋಗುತ್ತಿರಲಿಲ್ಲ. ವಿವಿಗೆ ಉಳಿತಾಯವೂ ಆಗುತ್ತಿತ್ತು.

ಆಡಳಿತ ಆಗ ಒಪ್ಪಲಿಲ್ಲ. ಮೊದಲೇ ಒಪ್ಪಿಕೊಂಡಿದ್ದ ಸಂಬಳ ಏರಿಕೆಯನ್ನೂ ತಡೆಹಿಡಿಯಿತು. ಆ 600 ಡಾಲರ್ ಜುಲೈ ಕೊನೆಗೆ ನಿಂತುಹೋಯಿತು. ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು ಎಂದು ಸಂಘಗಳು ಹೇಳಿದವು. ಒಕ್ಕೂಟ ಒಡೆಯಲಿಲ್ಲ. 2021ರಲ್ಲಿ ಒಪ್ಪಂದ ಆಯಿತು. ಕೆಲವು ದಿನ ಸಂಬಳವಿಲ್ಲದ ರಜೆ, ಅದಕ್ಕೆ ಪ್ರತಿಯಾಗಿ ಆ ವರ್ಷ ಮುಗಿಯುವವರೆಗೆ ಯಾರನ್ನೂ ತೆಗೆಯುವಂತಿಲ್ಲ ಎಂಬ ಲಿಖಿತ ಭರವಸೆ.

ದೊಡ್ಡ ಸಂಬಳದವರು ಚಿಕ್ಕ ಸಂಬಳದವರ ಕೆಲಸಕ್ಕಾಗಿ ತಮ್ಮ ಪಾಲು ಬಿಟ್ಟುಕೊಡಲು ಮುಂದೆ ಬಂದರು. ಅದೂ ಷರತ್ತು ಹಾಕಿ, ಬರವಣಿಗೆಯಲ್ಲಿ. ನನಗೆ ಇಷ್ಟವಾಗಿದ್ದು ಇದೇ. ನಮ್ಮ ಜಿಲ್ಲೆಯಲ್ಲಿ ಹೀಗೆ ಆಗಬಹುದೇ? ದಯವಿಟ್ಟು ಬರೆಯಿರಿ.

ಸೋಮವಾರಪೇಟೆ ಅತಿಥಿ ಉಪನ್ಯಾಸಕಿ:

ಸರ್, ನೀವು ಬರೆದಿದ್ದು ಓದಿ ಸಮಾಧಾನ ಆಯಿತು. ಖಾಯಂ ಇರುವವರೊಬ್ಬರು ಈ ಮಾತು ಎತ್ತಿದ್ದೀರಿ.

ನಮ್ಮ ಕಥೆ ಹೇಳುತ್ತೇನೆ. ಕೊರೊನಾ ಬಂದಾಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 11,000 ಅಥವಾ 13,000 ರೂಪಾಯಿ. ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಇಲ್ಲವೇ ಪಿಎಚ್‌ಡಿ ಇದ್ದರೆ 13,000. ಅದೂ ಪಾಠ ಇರುವ ತಿಂಗಳಿಗೆ ಮಾತ್ರ. 2020ರ ಮಾರ್ಚ್ ಮೂರನೇ ವಾರದಲ್ಲಿ ಕೊಂಡಂಗೇರಿಯಲ್ಲಿ ಜಿಲ್ಲೆಯ ಮೊದಲ ಪ್ರಕರಣ ಬಂತು. ಅಲ್ಲಿಂದ ಎಲ್ಲ ಬಂದ್. ಕಾಲೇಜು ಬಂದ್ ಅಂದರೆ ನಮಗೆ ಗೌರವಧನವೂ ಬಂದ್. ನಾನಿದ್ದ ಕಾಲೇಜಿನಲ್ಲಿ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಆದರೆ ವಾಟ್ಸಾಪ್‌ನಲ್ಲಿ ನೋಟ್ಸ್ ಕಳಿಸಬೇಕು, ಮಕ್ಕಳ ಫೋನ್ ತೆಗೆಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ. ಮಕ್ಕಳು ಗುಡ್ಡದ ಮೇಲೆ ಕೊಡೆ ಹಿಡಿದು ಕೂತು ಪಾಠ ಕೇಳಿದ್ದಾರೆ. ಅವರಿಗೆ ಪಾಠ ನಿಲ್ಲಿಸಲು ಮನಸ್ಸು ಬರಲಿಲ್ಲ.

ಜೊತೆಯಲ್ಲಿದ್ದ ಒಬ್ಬರು ತೋಟದ ಕೆಲಸಕ್ಕೆ ಹೋದರು. ಇನ್ನೊಬ್ಬರು ತರಕಾರಿ ಮಾರಿದರು. ಕೆಲಸದಲ್ಲಿ ಕೀಳು ಮೇಲು ಇಲ್ಲ. ಆದರೆ ಎಂಎ ಓದಿಸುವವರ ಕೈಗೆ ದುಡ್ಡು ಸಿಗದೆ ಹೀಗಾಯಿತಲ್ಲ ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಆಗ ಸಂಘ ಎಲ್ಲಿತ್ತು ಎಂದು ಕೇಳಿದರೆ ಒಂದೇ ಉತ್ತರ. ಅಧ್ಯಾಪಕರ ಸಂಘದಲ್ಲಿ ನಮಗೆ ಸದಸ್ಯತ್ವ ಇರಲಿಲ್ಲ. ನಮ್ಮ ಹೆಸರು ಅವರ ಪಟ್ಟಿಯಲ್ಲೇ ಇಲ್ಲ ಅಂದಮೇಲೆ ನಮ್ಮ ಪರ ಮಾತಾಡಿ ಎಂದು ಯಾರನ್ನು ಕೇಳುವುದು?

ಗೋಣಿಕೊಪ್ಪದವಳು, ಈಗ ಮೆಲ್ಬರ್ನ್:

ಅಕ್ಕ, ನಿಮ್ಮ ಮಾತು ಓದಿ ತುಂಬಾ ಬೇಜಾರಾಯಿತು.

ನಾನು ಇಲ್ಲಿ ವಿವಿಯೊಂದರ ಲೈಬ್ರರಿಯಲ್ಲಿದ್ದೇನೆ. ಆಸ್ಟ್ರೇಲಿಯಾದ ಕಥೆ ಸರ್ ಹೇಳಿದ ರಟ್ಗರ್ಸ್ ಕಥೆಯ ಹಾಗಿಲ್ಲ. ಅದನ್ನೂ ನೋಡಬೇಕು. ಇಲ್ಲಿನ ವಿವಿಗಳು ಹೊರದೇಶದ ಮಕ್ಕಳ ಫೀಸ್ ಮೇಲೆ ನಿಂತಿವೆ. 2020ರ ಮಾರ್ಚ್ 20ಕ್ಕೆ ಗಡಿ ಮುಚ್ಚಿದರು. ಫೀಸ್ ಕುಸಿಯಿತು. ಸರ್ಕಾರ ಕಂಪನಿಗಳಿಗೆ ಸಂಬಳ ಕೊಡಲು ಜಾಬ್‌ಕೀಪರ್ ಎಂಬ ಯೋಜನೆ ತಂದಿತು. ನಿಯಮ ತಿದ್ದಿ ತಿದ್ದಿ ಸರ್ಕಾರಿ ವಿವಿಗಳಿಗೆ ಅದು ಸಿಗದ ಹಾಗೆ ಮಾಡಿತು.

ಇಲ್ಲಿ ವಿವಿ ನೌಕರರಿಗೆ ದೇಶಕ್ಕೆಲ್ಲ ಒಂದೇ ಸಂಘ, ಎನ್‌ಟಿಇಯು. ಅದರ ಮುಖಂಡರು 2020ರ ಮೇ ತಿಂಗಳಲ್ಲಿ ಕುಲಪತಿಗಳ ಜೊತೆ ಮಾತಾಡಿ ಒಂದು ಚೌಕಟ್ಟು ತಂದರು. ಸಂಬಳದಲ್ಲಿ ಶೇ 15ರವರೆಗೆ ಕಡಿತ ಒಪ್ಪಿಕೊಳ್ಳುವುದು, ಅದರಿಂದ 12,000 ಕೆಲಸ ಉಳಿಸುವುದು. ಕೇಳಲು ಚೆನ್ನಾಗಿದೆ ಅಲ್ವಾ? ಸದಸ್ಯರು ಸಿಟ್ಟಾದರು. ನಮ್ಮನ್ನು ಕೇಳದೆ ಮೇಲಿನವರು ಮಾತಾಡಿ ಮುಗಿಸಿದ್ದಾರೆ ಎಂದರು. ಇನ್ನೊಂದು ಕಡೆ ಅನೇಕ ವಿವಿಗಳೇ ಅದಕ್ಕೆ ಸಹಿ ಹಾಕಲ್ಲ ಎಂದವು. ತಿಂಗಳು ಮುಗಿಯುವುದರೊಳಗೆ ದೇಶಮಟ್ಟದ ಚೌಕಟ್ಟು ಬಿದ್ದುಹೋಯಿತು. ಲಾ ಟ್ರೋಬ್, ಮೊನಾಶ್ ಥರದ ಕೆಲವು ವಿವಿಗಳಲ್ಲಿ ಮಾತ್ರ ಸಿಬ್ಬಂದಿ ಮತ ಹಾಕಿ ತಮ್ಮ ತಮ್ಮಲ್ಲಿ ಒಪ್ಪಿಕೊಂಡರು.

ಆ ವರ್ಷ ದೇಶದಲ್ಲಿ 17,300 ವಿವಿ ಕೆಲಸ ಹೋಯಿತು ಎಂದು ವಿವಿಗಳ ಒಕ್ಕೂಟವೇ 2021ರ ಫೆಬ್ರವರಿಯಲ್ಲಿ ಹೇಳಿತು. ಗಂಟೆ ಲೆಕ್ಕದಲ್ಲಿ ಪಾಠ ಮಾಡುವ ಕ್ಯಾಶುಯಲ್‌ಗಳಿಗೆ ಏಟು ಬಿದ್ದಿದ್ದು ಎಲ್ಲರಿಗಿಂತ ಮೊದಲು. ಅವರನ್ನು ತೆಗೆಯಲು ಯಾರಿಗೂ ನೋಟಿಸ್ ಕೊಡಬೇಕಾಗಿಲ್ಲ. ಮುಂದಿನ ಸೆಮಿಸ್ಟರ್‌ಗೆ ಕರೆಯದಿದ್ದರೆ ಆಯಿತು.

ಅಕ್ಕ ಹೇಳಿದ ಪಟ್ಟಿಯ ಮಾತು ಇಲ್ಲಿಗೂ ಒಪ್ಪುತ್ತದೆ. ಇಲ್ಲಿ ಕ್ಯಾಶುಯಲ್‌ಗಳಿಗೆ ಸದಸ್ಯತ್ವ ಇದೆ. ಆದರೂ ಹೀಗಾಯಿತು. ಹಾಗಾಗಿ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಎಲ್ಲ ಸರಿಯಾಗಲ್ಲ. ಮಾತುಕತೆಯ ಮೇಜಿನಲ್ಲಿ ಅವರದ್ದೇ ಒಬ್ಬರು ಕೂತಿರಬೇಕು.

ವಿರಾಜಪೇಟೆ ನಿವೃತ್ತ ಪ್ರಾಂಶುಪಾಲ:

ಮಡಿಕೇರಿಯವರ ಉದ್ದೇಶ ಒಳ್ಳೆಯದು. ಆದರೆ ರಟ್ಗರ್ಸ್ ಮಾದರಿ ಇಲ್ಲಿಗೆ ಹಾಗೇ ಬರುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಅಲ್ಲಿ ಸಂಘದ ಜೊತೆ ಮಾತುಕತೆ ನಡೆಸಲೇಬೇಕು ಎಂಬ ಕಾನೂನು ಇದೆ. ನಮ್ಮಲ್ಲಿ 2025ರವರೆಗೆ ಇದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅಧ್ಯಾಪಕರು ಕಾರ್ಮಿಕರೇ ಆಗಿರಲಿಲ್ಲ. 1988ರಲ್ಲಿ ಸುಪ್ರೀಂ ಕೋರ್ಟ್ ಗೋವಾದ ಸುಂದರಾಂಬಾಳ್ ಪ್ರಕರಣದಲ್ಲಿ ಹಾಗೆ ಹೇಳಿದೆ. ಹಾಗಾಗಿ ನಮ್ಮ ಅಧ್ಯಾಪಕರ ಸಂಘಟನೆಗಳ ಕೈಯಲ್ಲಿರುವುದು ಮನವಿ, ಧರಣಿ, ಮೌಲ್ಯಮಾಪನ ಬಹಿಷ್ಕಾರ, ಕೊನೆಗೆ ಕೋರ್ಟ್. ಆಡಳಿತ ಮೇಜಿಗೆ ಬರಲೇಬೇಕು ಎಂದು ಒತ್ತಾಯ ಮಾಡುವ ಕಾನೂನು ಇಲ್ಲ.

ಎರಡನೆಯದು ಸಂಬಳದ ಹಾದಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜಿನ ಖಾಯಂ ಅಧ್ಯಾಪಕರಿಗೆ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ನಾವು ಹತ್ತು ಪರ್ಸೆಂಟ್ ಬಿಟ್ಟುಕೊಟ್ಟರೆ ಅದು ಬೆಂಗಳೂರಿನ ಖಜಾನೆಯಲ್ಲಿ ಉಳಿಯುತ್ತದೆ. ಸೋಮವಾರಪೇಟೆಯ ಆ ಮೇಡಂ ಕೈಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಕೊರೊನಾದಲ್ಲಿ ಆಗಿದ್ದೂ ಇದೇ. ಕೇಂದ್ರ ಸರ್ಕಾರ 2020ರ ಜನವರಿಯಿಂದ 2021ರ ಜೂನ್‌ವರೆಗೆ ತುಟ್ಟಿಭತ್ಯೆಯ ಮೂರು ಕಂತು ತಡೆಹಿಡಿಯಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ಒಂದು ದಿನದ ಸಂಬಳವನ್ನೂ ಪರಿಹಾರ ನಿಧಿಗೆ ಕೊಟ್ಟೆವು. ಅದರಿಂದ ಯಾವ ಅತಿಥಿ ಉಪನ್ಯಾಸಕರ ಕೆಲಸ ಉಳಿಯಿತು? ಷರತ್ತೇ ಇರಲಿಲ್ಲವಲ್ಲ.

ಪಕ್ಕದ ಕೇರಳದಲ್ಲಿ ಐದು ತಿಂಗಳ ಕಾಲ ತಿಂಗಳಿಗೆ ಆರು ದಿನದ ಸಂಬಳ ಹಿಡಿದಿಡಲು ಸರ್ಕಾರ ಆದೇಶ ಮಾಡಿತು. ನೌಕರರ ಸಂಘಟನೆಗಳು ಹೈಕೋರ್ಟಿಗೆ ಹೋದವು. ಏಪ್ರಿಲ್ ಕೊನೆಯಲ್ಲಿ ತಡೆ ಸಿಕ್ಕಿತು. ಸರ್ಕಾರ ತಕ್ಷಣ ಸುಗ್ರೀವಾಜ್ಞೆ ತಂದಿತು. ಕೋರ್ಟಿನಲ್ಲಿ ಗೆದ್ದರೂ ಅದು ಎಷ್ಟು ದಿನ ಬಾಳುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಕುಶಾಲನಗರ, ಎಂಕಾಂ ವಿದ್ಯಾರ್ಥಿ:

ಸರ್, ಮೇಡಂ, ಎಲ್ಲರ ಮಾತೂ ಓದುತ್ತಿದ್ದೇನೆ. ನನ್ನದೊಂದು ಸಣ್ಣ ಪ್ರಶ್ನೆ. ವಿವಿಗೆ ದುಡ್ಡು ಬರುವುದೇ ನಮ್ಮ ಫೀಸಿನಿಂದ, ಪರೀಕ್ಷಾ ಶುಲ್ಕದಿಂದ ಅಲ್ವಾ? ಹಾಗಾದರೆ ಅಧ್ಯಾಪಕರ ಸಂಘ "ಸಂಬಳ ಕೊಡಿ" ಎಂದು ಗಟ್ಟಿಯಾಗಿ ಕೇಳಿದರೆ ಕೊನೆಗೆ ಅದು ನಮ್ಮ ಶುಲ್ಕ ಏರಿಕೆಯಾಗಿ ಬರುವುದಿಲ್ಲವೇ? ನಮ್ಮ ತಂದೆ ಲೈನ್ ಮನೆಯಲ್ಲಿದ್ದುಕೊಂಡು ತೋಟದಲ್ಲಿ ದುಡಿಯುತ್ತಾರೆ. ಸಾವಿರ ರೂಪಾಯಿ ಜಾಸ್ತಿಯಾದರೂ ನಮಗೆ ದೊಡ್ಡದು.

ಮಡಿಕೇರಿ ಅಧ್ಯಾಪಕ:

ಈ ಪ್ರಶ್ನೆ ಸಣ್ಣದಲ್ಲ. ಸಂಘಗಳು ಉತ್ತರ ಕೊಡಲೇಬೇಕಾದ ಪ್ರಶ್ನೆ.

ವಿವಿಗೆ ಸರ್ಕಾರದ ಅನುದಾನದ ಜೊತೆಗೆ ಬರುವ ಆದಾಯ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನೆ ಶುಲ್ಕ. ಕಾಲೇಜು ಕಡಿಮೆ ಇದ್ದರೆ ಇದೂ ಕಡಿಮೆ. 2020ರಲ್ಲಿ ಮಧ್ಯದ ಸೆಮಿಸ್ಟರ್‌ಗಳ ಮಕ್ಕಳನ್ನು ಪರೀಕ್ಷೆ ಇಲ್ಲದೆ ಮುಂದಕ್ಕೆ ಕಳಿಸಿದರು. ಕೊನೆ ವರ್ಷದವರಿಗೆ ಮಾತ್ರ ಪರೀಕ್ಷೆ ಆಯಿತು. ಅತಿಥಿ ಉಪನ್ಯಾಸಕರಿಗೆ ಪರೀಕ್ಷಾ ಕೆಲಸ, ಮೌಲ್ಯಮಾಪನದಿಂದ ಸಿಗುತ್ತಿದ್ದ ನಾಲ್ಕು ಕಾಸೂ ಆ ವರ್ಷ ಕಡಿಮೆಯಾಯಿತು.

ಶುಲ್ಕ ಏರಿಸದೆ ದುಡ್ಡು ಎಲ್ಲಿಂದ ತರುವುದು ಅನ್ನುವ ಮೊದಲು ಇರುವ ದುಡ್ಡು ಎಲ್ಲಿ ಹೋಯಿತು ಎಂದು ನೋಡಬೇಕು. ಕೆನಡಾದ ಸಡ್ಬರಿ ಎಂಬ ಊರಿನಲ್ಲಿ ಲಾರೆನ್ಷಿಯನ್ ವಿವಿ ಇದೆ. ದೊಡ್ಡ ನಗರಗಳಿಂದ ದೂರ. ಗಣಿ ಊರು. ಅಲ್ಲಿನ ಮಕ್ಕಳಿಗೆ ಅದೇ ಹತ್ತಿರದ ವಿವಿ. ಆ ಮಟ್ಟಿಗೆ ನಮ್ಮಂತೆಯೇ. 2021ರ ಫೆಬ್ರವರಿ 1ರಂದು ಅದು ದಿವಾಳಿಯಿಂದ ಉಳಿಸಿ ಎಂದು ಕೋರ್ಟಿಗೆ ಹೋಯಿತು. ಕಂಪನಿಗಳಿಗೆ ಮಾಡಿದ ಕಾನೂನಿನ ಅಡಿ ಹಾಗೆ ಹೋದ ಕೆನಡಾದ ಮೊದಲ ಸರ್ಕಾರಿ ವಿವಿ ಅದು. ಕೋರ್ಟಿನ ರಕ್ಷಣೆ ಸಿಕ್ಕಿದ ಮೇಲೆ ಸಂಘದ ಒಪ್ಪಂದಕ್ಕೆ ಮೊದಲಿನ ಬಲ ಉಳಿಯಲಿಲ್ಲ. ಏಪ್ರಿಲ್ 12ಕ್ಕೆ 58 ಪದವಿ ಕೋರ್ಸ್, 11 ಸ್ನಾತಕೋತ್ತರ ಕೋರ್ಸ್ ಮುಚ್ಚಿದರು. ಸುಮಾರು ನೂರು ಅಧ್ಯಾಪಕರಿಗೆ ವಿಡಿಯೊ ಕರೆಯಲ್ಲೇ ಕೆಲಸ ಹೋಯಿತು ಎಂದು ಹೇಳಿದರು.

ಮರುವರ್ಷ ಒಂಟಾರಿಯೊ ಪ್ರಾಂತ್ಯದ ಮಹಾಲೇಖಪಾಲರು ಲೆಕ್ಕ ತೆಗೆದರು. ಸಾಲದ ಮೂಲ ಅಧ್ಯಾಪಕರ ಸಂಬಳವಲ್ಲ, 2010ರಿಂದ ಮಾಡಿದ ಕಟ್ಟಡಗಳ ಖರ್ಚು ಎಂದು ವರದಿ ಬಂತು. ಕೋರ್ಟಿಗೆ ಹೋಗಲೇಬೇಕಾಗಿರಲಿಲ್ಲ ಎಂದೂ ಅದು ಹೇಳಿತು. ಆದರೆ ಅಷ್ಟರೊಳಗೆ ಕೋರ್ಸ್‌ಗಳು ಹೋಗಿದ್ದವು, ಜನ ಹೋಗಿದ್ದರು.

ಹಾಗಾಗಿ ಲೆಕ್ಕ ತೋರಿಸಿ ಎಂದು ಮೊದಲ ದಿನವೇ ಕೇಳಬೇಕು. ಕೆಲಸ ಹೋದ ಮೇಲೆ ವರದಿ ಬಂದರೆ ಯಾರಿಗೆ ಉಪಯೋಗ?

ಪೊನ್ನಂಪೇಟೆ ಬೆಳೆಗಾರ:

ನಾನು ಕಾಲೇಜಿನವನಲ್ಲ. ಮಗಳು ಪದವಿ ಓದುತ್ತಿದ್ದಾಳೆ. ಹಾಗಾಗಿ ಓದಿದೆ. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

2020ರ ಏಪ್ರಿಲ್ 20ರ ನಂತರ ತೋಟದ ಕೆಲಸಕ್ಕೆ ಅರ್ಧ ಜನ ಇಟ್ಟುಕೊಂಡು ಮಾಡಿ ಎಂದು ಅನುಮತಿ ಕೊಟ್ಟರು. ಉಳಿದ ಅರ್ಧ ಜನ ಲೈನ್ ಮನೆಯಲ್ಲಿ ಕೂತರು. ಅದಕ್ಕೂ ಮುಂಚೆ 2018, 2019ರಲ್ಲಿ ಗುಡ್ಡ ಕುಸಿದು ತೋಟ ಹೋಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸಿದಿದ್ದು ಎಲ್ಲರಿಗೂ ಗೊತ್ತು. ಹೋಂಸ್ಟೇ ಮುಚ್ಚಿತು, ಜೀಪು ಓಡಿಸುವವರಿಗೆ ಕೆಲಸ ಇಲ್ಲ. ಇಡೀ ಜಿಲ್ಲೆ ಹಾಗಿದ್ದಾಗ ವಿವಿಯವರಿಗೆ ಮಾತ್ರ ಕೆಲಸದ ಭರವಸೆ ಯಾಕೆ ಎಂದು ಒಬ್ಬ ಸಾಮಾನ್ಯ ಮನುಷ್ಯ ಕೇಳಿದರೆ ನೀವು ಏನು ಹೇಳುತ್ತೀರಿ?

ಸೋಮವಾರಪೇಟೆ ಅತಿಥಿ ಉಪನ್ಯಾಸಕಿ:

ಅಣ್ಣ, ಬೇಸರ ಇಲ್ಲ. ನಿಮ್ಮ ತೋಟದಲ್ಲಿ ಕೆಲಸ ಮಾಡಿದವರಿಗೆ ಆ ದಿನದ ಕೂಲಿ ಕೊಟ್ಟಿರುತ್ತೀರಿ. ನಾವು ಆನ್‌ಲೈನ್ ಪಾಠ ಮಾಡಿದ್ದಕ್ಕೂ ಕೂಲಿ ಸಿಗಲಿಲ್ಲ. ನಾವು ಕೇಳುವುದು ವಿಶೇಷ ಭರವಸೆ ಅಲ್ಲ. ಮಾಡಿದ ಕೆಲಸಕ್ಕೆ ದುಡ್ಡು, ಆಮೇಲೆ ತೆಗೆಯುವುದಾದರೆ ಕಾರಣ.

ಇನ್ನೊಂದು ಮಾತು. ನಿಮ್ಮ ಮಗಳಿಗೆ ಪಾಠ ಹೇಳುವವರಲ್ಲಿ ಎಷ್ಟು ಜನ ಅತಿಥಿಗಳು ಎಂದು ಒಮ್ಮೆ ಕೇಳಿ ನೋಡಿ. ವರ್ಷದ ಮಧ್ಯೆ ಅವರು ಹೋದರೆ ಅವಳ ಪಾಠವೇ ನಿಲ್ಲುತ್ತದೆ.

ಪೊನ್ನಂಪೇಟೆ ಬೆಳೆಗಾರ:

ಕೇಳಿದೆ. ಆರು ವಿಷಯದಲ್ಲಿ ನಾಲ್ಕಕ್ಕೆ ಅತಿಥಿಗಳಂತೆ. ನನಗೆ ಇದು ಗೊತ್ತಿರಲಿಲ್ಲ. ಪೋಷಕರಿಗೆ ಯಾರೂ ಹೇಳುವುದೂ ಇಲ್ಲ. ನಿಮ್ಮ ಸಭೆಗೆ ಪೋಷಕರನ್ನೂ ಕರೆಯಿರಿ.

ಮಡಿಕೇರಿ ಎರಡನೇ ಅಧ್ಯಾಪಕಿ (ಖಾಯಂ):

ಪ್ರಾಂಶುಪಾಲರು ಸಂಬಳದ ಬಗ್ಗೆ ಹೇಳಿದ್ದು ಸರಿ. ನಾವು ಸಂಬಳ ಬಿಟ್ಟುಕೊಟ್ಟರೆ ಅತಿಥಿಗಳಿಗೆ ಹೋಗುವುದಿಲ್ಲ. ಆದರೆ ಖಾಯಂ ಇರುವವರ ಕೈಯಲ್ಲಿ ಏನೂ ಇಲ್ಲ ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಡಿ. ನಮ್ಮ ಕೈಯಲ್ಲಿ ಇರುವುದು ಗಂಟೆಗಳು.

ಅತಿಥಿ ಹುದ್ದೆ ಹುಟ್ಟುವುದು ಹೇಗೆ ಎಂದು ನೋಡಿ. ಒಂದು ವಿಭಾಗದಲ್ಲಿ ವಾರಕ್ಕೆ ಇಷ್ಟು ಗಂಟೆ ಪಾಠ ಎಂದು ವರ್ಕ್‌ಲೋಡ್ ಲೆಕ್ಕ ಹಾಕುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ, ಪ್ರಾಧ್ಯಾಪಕರಿಗೆ 14 ಗಂಟೆ. ಖಾಯಂನವರಿಗೆ ಕೊಟ್ಟು ಉಳಿದ ಗಂಟೆಗೆ ಅತಿಥಿಗಳು ಬರುತ್ತಾರೆ. ಈಗ ಎರಡು ಸೆಕ್ಷನ್ ಸೇರಿಸಿ ಒಂದೇ ಮಾಡಿದರೆ? ಅಷ್ಟು ಗಂಟೆ ಲೆಕ್ಕದಿಂದ ಮಾಯ. ಒಬ್ಬ ಅತಿಥಿಯ ಕೆಲಸವೂ ಮಾಯ. ಯಾವ ಆದೇಶವೂ ಬೇಡ, ನೋಟಿಸೂ ಬೇಡ. ಮೆಲ್ಬರ್ನ್‌ನವರು ಹೇಳಿದ ಹಾಗೆ, ಮುಂದಿನ ಸಲ ಕರೆಯದಿದ್ದರೆ ಮುಗಿಯಿತು.

ಕೊರೊನಾದಲ್ಲಿ ಇದು ಸುಲಭವಾಯಿತು. ಆನ್‌ಲೈನ್ ಪಾಠ ಅಂದಮೇಲೆ ರೂಮಿನ ಅಳತೆ ಇಲ್ಲ. ಮೂರು ಸೆಕ್ಷನ್ ಮಕ್ಕಳನ್ನು ಒಂದೇ ಲಿಂಕಿಗೆ ಸೇರಿಸಬಹುದು. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಹಾಗೇ ಆಯಿತು. 2020ರ ನವೆಂಬರ್ 17ರಿಂದ ತರಗತಿ ಮತ್ತೆ ಶುರುವಾದಾಗಲೂ ಸೇರಿಸಿದ ಸೆಕ್ಷನ್‌ಗಳು ಬೇರೆಯಾಗಲಿಲ್ಲ. ನೂರಕ್ಕೂ ಹೆಚ್ಚು ಮಕ್ಕಳು ಒಂದು ಕೋಣೆಯಲ್ಲಿ. ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ.

ರಟ್ಗರ್ಸ್‌ನವರು ಸಂಬಳ ಬಿಟ್ಟರು. ಇಲ್ಲಿ ಖಾಯಂನವರ ಸಂಘ ಒಂದು ಸಾಲಿನ ತೀರ್ಮಾನ ಮಾಡಿದರೆ ಸಾಕು: ಸೆಕ್ಷನ್ ಸೇರಿಸಿದ ತರಗತಿಯನ್ನು ನಾವು ತೆಗೆದುಕೊಳ್ಳುವುದಿಲ್ಲ, ನಿಯಮಕ್ಕಿಂತ ಜಾಸ್ತಿ ಗಂಟೆಯನ್ನೂ ಒಪ್ಪುವುದಿಲ್ಲ. ಕಾನೂನು ಬೇಡ, ಖಜಾನೆ ಬೇಡ. ಪ್ರತಿ ವಿಭಾಗದವರು ಟೈಮ್‌ಟೇಬಲ್ ಮಾಡುವ ದಿನ ಗಟ್ಟಿಯಾಗಿ ನಿಲ್ಲಬೇಕು ಅಷ್ಟೆ.

ಸೋಮವಾರಪೇಟೆ ಅತಿಥಿ ಉಪನ್ಯಾಸಕಿ:

ಮೇಡಂ, ನೀವು ಹೇಳಿದ್ದು ನಮ್ಮ ಬದುಕಿನ ಲೆಕ್ಕ. ಇದಕ್ಕೆ 2022ರ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ನಮ್ಮ ಹೋರಾಟದ ಗೆಲುವೇ ಗಂಟೆಯ ಲೆಕ್ಕದಲ್ಲಿ ಸೋಲಾಯಿತು.

2021ರ ಡಿಸೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ತರಗತಿ ಬಿಟ್ಟು ಹೊರಗೆ ಕೂತರು. ಕೊರೊನಾದ ಎರಡು ವರ್ಷದ ಹಸಿವು ಅದರ ಹಿಂದೆ ಇತ್ತು. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಅರ್ಹತೆ ಇದ್ದು ಐದು ವರ್ಷ ದಾಟಿದವರಿಗೆ 32,000, ಐದು ವರ್ಷದ ಒಳಗಿನವರಿಗೆ 30,000. ಅರ್ಹತೆ ಇಲ್ಲದವರಿಗೆ 28,000, 26,000. ನಾವು ಸಿಹಿ ಹಂಚಿದೆವು.

ಅದೇ ಆದೇಶದಲ್ಲಿ ಇನ್ನೊಂದು ಸಾಲು ಇತ್ತು. ಮುಂಚೆ ಒಬ್ಬರಿಗೆ ವಾರಕ್ಕೆ ಎಂಟು ಹತ್ತು ಗಂಟೆ ಇದ್ದದ್ದು ಇನ್ನು 15 ಗಂಟೆ. ಒಟ್ಟು ಗಂಟೆ ಅಷ್ಟೇ ಇರುವಾಗ ಒಬ್ಬೊಬ್ಬರಿಗೆ ಜಾಸ್ತಿ ಕೊಟ್ಟರೆ ಏನಾಗುತ್ತದೆ? ಮೂವರು ಮಾಡುತ್ತಿದ್ದ ಕೆಲಸ ಇಬ್ಬರಿಗೆ ಸಾಕು. ಹತ್ತು ಹದಿನೈದು ವರ್ಷ ಪಾಠ ಮಾಡಿದವರೂ ಕೆಲಸ ಹಂಚುವ ಕೌನ್ಸೆಲಿಂಗ್ ಪಟ್ಟಿಯಲ್ಲಿ ಹೊರಗುಳಿದರು. ನನಗೆ ಸೀಟು ಸಿಕ್ಕಿತು. ನನ್ನ ಜೊತೆ ಧರಣಿಯಲ್ಲಿ ಪಕ್ಕದಲ್ಲೇ ಕೂತಿದ್ದವರಿಗೆ ಸಿಗಲಿಲ್ಲ. ಅವರು ಈಗಲೂ ಫೋನ್ ಮಾಡುತ್ತಾರೆ. ನಾನು ಏನು ಹೇಳಲಿ?

ಸಂಘ ಸಂಬಳದ ಜೊತೆಗೆ ಎಷ್ಟು ಜನ ಎಂಬ ಸಂಖ್ಯೆಯನ್ನೂ ಒಪ್ಪಂದದಲ್ಲಿ ಬರೆಸಬೇಕು. ರಟ್ಗರ್ಸ್‌ನವರು ಬರೆಸಿದ್ದು ಅದೇ ಅಲ್ವಾ ಸರ್?

ಮಡಿಕೇರಿ ಅಧ್ಯಾಪಕ:

ಹೌದು ಮೇಡಂ, ಅದೇ. ಅದರ ಮುಂದಿನ ಕಥೆಯೂ ಇದೆ. 2023ರ ಏಪ್ರಿಲ್‌ನಲ್ಲಿ ರಟ್ಗರ್ಸ್‌ನಲ್ಲಿ ಮೂರು ಅಧ್ಯಾಪಕ ಸಂಘಗಳು ಒಟ್ಟಿಗೇ ಮುಷ್ಕರ ಹೂಡಿದವು. 1766ರಲ್ಲಿ ಶುರುವಾದ ವಿವಿ, ಅಲ್ಲಿಯವರೆಗೆ ಅಧ್ಯಾಪಕರ ಮುಷ್ಕರ ಕಂಡಿರಲಿಲ್ಲ. ಖಾಯಂ ಪ್ರಾಧ್ಯಾಪಕರ ಸಂಘ ತಾನೊಂದೇ ಒಪ್ಪಂದ ಮಾಡಿಕೊಂಡು ಒಳಗೆ ಹೋಗಲಿಲ್ಲ. ಅರೆಕಾಲಿಕರ ಜೊತೆಗೇ ನಿಂತಿತು. ಐದು ದಿನದಲ್ಲಿ ಒಪ್ಪಂದದ ಚೌಕಟ್ಟು ಆಯಿತು. ಅರೆಕಾಲಿಕರ ದರ ಒಪ್ಪಂದದ ಅವಧಿಯಲ್ಲಿ ಶೇ 44ರಷ್ಟು ಏರಿತು. ಕೊರೊನಾದಲ್ಲಿ ಒಟ್ಟಿಗೆ ಕೂತು ಮಾತಾಡಿದ ಅಭ್ಯಾಸ ಇಲ್ಲದೆ ಹೋಗಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಒಪ್ಪಂದ ಬರೆಸುವಾಗ ಸಣ್ಣ ಅಕ್ಷರದ ಸಾಲುಗಳನ್ನೂ ಓದಬೇಕು. ಒಹಾಯೊದ ಆಕ್ರನ್ ವಿವಿಯಲ್ಲಿ ಸಂಘದ ಒಪ್ಪಂದದೊಳಗೇ "ಊಹಿಸಲಾಗದ ವಿಪತ್ತು ಬಂದರೆ ಸಾಮಾನ್ಯ ಕ್ರಮ ಅನ್ವಯಿಸದು" ಎಂಬರ್ಥದ ಒಂದು ಕಲಮು ಇತ್ತು. 2020ರ ಜುಲೈನಲ್ಲಿ ಅದನ್ನೇ ಹಿಡಿದು 178 ಹುದ್ದೆ ತೆಗೆದರು. ಅದರಲ್ಲಿ 96 ಮಂದಿ ಸಂಘದ ಅಧ್ಯಾಪಕರು. ಸಂಘ ಪಂಚಾಯ್ತಿಗೆ ಹೋಯಿತು. ಮಧ್ಯಸ್ಥರು ವಿವಿ ಮಾಡಿದ್ದು ಸರಿ ಎಂದರು.

ವಿವಿ ಕಚೇರಿ, ಹೊರಗುತ್ತಿಗೆ ನೌಕರ:

ಎಲ್ಲರೂ ಪಾಠದ ಗಂಟೆ ಮಾತಾಡುತ್ತಿದ್ದೀರಿ. ನಮ್ಮದೂ ಕೇಳಿ.

ನಾನು ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುತ್ತೇನೆ. ಏಜೆನ್ಸಿ ಮೂಲಕ. ನಮ್ಮ ಜೊತೆ ಗಾರ್ಡ್, ಸ್ವಚ್ಛತೆಯವರು, ಹಾಸ್ಟೆಲ್ ಅಡುಗೆಯವರು ಇದ್ದಾರೆ. ಕೊರೊನಾದಲ್ಲಿ ಹಾಸ್ಟೆಲ್ ಮುಚ್ಚಿದಾಗ ಅಡುಗೆಯವರನ್ನು ಬರಬೇಡಿ ಎಂದರು. ಯಾರು ಹೇಳಿದರು ಎಂದು ಕೇಳಿದರೆ ಕಚೇರಿಯವರು ಏಜೆನ್ಸಿ ಕಡೆ ಕೈ ತೋರಿಸಿದರು. ಏಜೆನ್ಸಿಯವರು ಕಚೇರಿ ಕಡೆ ಕೈ ತೋರಿಸಿದರು. ಪಿಎಫ್ ದುಡ್ಡಾದರೂ ತೆಗೆಯೋಣ ಎಂದು ನೋಡಿದರೆ ಕೆಲವರ ಖಾತೆಗೆ ತಿಂಗಳುಗಳ ಕಂತೇ ಬಿದ್ದಿರಲಿಲ್ಲ.

ಪ್ರಾಂಶುಪಾಲರು ಅಧ್ಯಾಪಕರು ಕಾರ್ಮಿಕರಲ್ಲ ಎಂದು ಬರೆದಿದ್ದಾರೆ. ಸರ್, ನಾವು ಕಾರ್ಮಿಕರು ಹೌದಲ್ವಾ? ನಮಗೆ ಕಾನೂನು ಇದ್ದರೂ ಸಂಘ ಇಲ್ಲ. ನಿಮಗೆ ಸಂಘ ಇದ್ದರೂ ಕಾನೂನು ಇಲ್ಲ. ಎರಡೂ ಸೇರಿದರೆ ಏನಾದರೂ ಆಗಬಹುದು ಅಂತ ನನಗೆ ಅನಿಸುತ್ತದೆ.

ವಿರಾಜಪೇಟೆ ನಿವೃತ್ತ ಪ್ರಾಂಶುಪಾಲ:

ನೀವು ಹೇಳಿದ್ದು ನನ್ನ ತಲೆಗೆ ಬಂದಿರಲಿಲ್ಲ. ಖಂಡಿತ ಸರಿ. ಪಿಎಫ್, ಇಎಸ್‌ಐ ವಿಷಯದಲ್ಲಿ ಏಜೆನ್ಸಿ ಕಟ್ಟದಿದ್ದರೆ ಮುಖ್ಯ ಉದ್ಯೋಗದಾತರೂ ಹೊಣೆ ಹೊರಬೇಕು. ಅಂದರೆ ಕೈ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಏಳು ಜನ ಸೇರಿದರೆ ಕಾರ್ಮಿಕ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಒಟ್ಟು ಕಾರ್ಮಿಕರಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ನಿಮ್ಮ ಕಡೆ ಅದು ಕಷ್ಟವಾಗದು.

ಮಡಿಕೇರಿಯವರಿಗೆ ಒಂದು ಸಲಹೆ. ಲೆಕ್ಕ ಕೇಳಬೇಕು ಎಂದಿರಿ. ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಬೇರೆ ಬೇರೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮಡಿಕೇರಿ ಎರಡನೇ ಅಧ್ಯಾಪಕಿ (ಖಾಯಂ):

ಹಾಗಾದರೆ ಮೊದಲ ಅರ್ಜಿ ಗಂಟೆಗಳದ್ದೇ ಇರಲಿ. ಬಜೆಟ್ ಕೇಳಿದರೆ ದೊಡ್ಡ ಪುಸ್ತಕ ಕೊಟ್ಟುಬಿಡುತ್ತಾರೆ. ಗಂಟೆ ಕೇಳಿದರೆ ಯಾರ ಕೆಲಸ ಎಲ್ಲಿ ಹೋಯಿತು ಎಂದು ಒಂದೇ ಪುಟದಲ್ಲಿ ಕಾಣುತ್ತದೆ. ಕರಡು ಇಲ್ಲಿ ಹಾಕುತ್ತೇನೆ, ತಿದ್ದಿ:

"2019-20ರಿಂದ ಇಲ್ಲಿಯವರೆಗೆ, ಪ್ರತಿ ಶೈಕ್ಷಣಿಕ ವರ್ಷಕ್ಕೆ, ವಿಭಾಗವಾರು ಈ ಮಾಹಿತಿ ಒದಗಿಸಿ: ವಾರದ ಒಟ್ಟು ಬೋಧನಾ ಗಂಟೆಗಳು, ಖಾಯಂ ಅಧ್ಯಾಪಕರಿಗೆ ಹಂಚಿದ ಗಂಟೆಗಳು, ಅತಿಥಿ ಉಪನ್ಯಾಸಕರಿಗೆ ಹಂಚಿದ ಗಂಟೆಗಳು, ಅತಿಥಿ ಉಪನ್ಯಾಸಕರ ಸಂಖ್ಯೆ, ಪ್ರತಿ ಸೆಕ್ಷನ್‌ನ ವಿದ್ಯಾರ್ಥಿಗಳ ಸಂಖ್ಯೆ, ಸೇರಿಸಲಾದ ಸೆಕ್ಷನ್‌ಗಳು ಹಾಗೂ ಸೇರಿಸಲು ಹೊರಡಿಸಿದ ಆದೇಶದ ಪ್ರತಿ."

ವಿರಾಜಪೇಟೆ ನಿವೃತ್ತ ಪ್ರಾಂಶುಪಾಲ:

ಚೆನ್ನಾಗಿದೆ. ಒಂದು ತಿದ್ದುಪಡಿ. ಕೊಡಗು ವಿವಿ ಶುರುವಾಗಿದ್ದು 2023ರಲ್ಲಿ. ಅದಕ್ಕೂ ಹಿಂದಿನ ವರ್ಷಗಳ ಲೆಕ್ಕ ಮಂಗಳೂರು ವಿವಿಯಲ್ಲಿ ಅಥವಾ ಆಯಾ ಕಾಲೇಜಿನಲ್ಲಿ ಇರುತ್ತದೆ. ಹಾಗಾಗಿ ಕಾಲೇಜಿನ ಮಾಹಿತಿ ಅಧಿಕಾರಿಗೆ ಒಂದು, ವಿವಿಗೆ ಒಂದು, ಎರಡು ಅರ್ಜಿ ಹಾಕಿ. ಕಾಲೇಜಿಗೆ 2019-20ರಿಂದ ಕೇಳಿ. ಕೊರೊನಾಗೆ ಮುಂಚಿನ ಒಂದು ವರ್ಷ ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

ಗೋಣಿಕೊಪ್ಪದವಳು, ಈಗ ಮೆಲ್ಬರ್ನ್:

ಒಂದೇ ಮಾತು ಸೇರಿಸುತ್ತೇನೆ. ಉತ್ತರ ಬಂದಮೇಲೆ ಅದನ್ನು ಮುಖಂಡರು ಮಾತ್ರ ನೋಡಿ ಇಟ್ಟುಕೊಳ್ಳಬೇಡಿ. ಇಲ್ಲಿ ಆ ಚೌಕಟ್ಟು ಬಿದ್ದಿದ್ದಕ್ಕೆ ಅದೂ ಒಂದು ಕಾರಣ. ಎಲ್ಲರಿಗೂ ಹಾಕಿ, ಮಕ್ಕಳಿಗೂ.

ಕುಶಾಲನಗರ, ಎಂಕಾಂ ವಿದ್ಯಾರ್ಥಿ:

ವಿವಿಯ ಅರ್ಜಿ ನಾನು ಹಾಕುತ್ತೇನೆ. ಅಧ್ಯಾಪಕರು ಹಾಕಿದರೆ ನಾಳೆ ಟೈಮ್‌ಟೇಬಲ್‌ನಲ್ಲಿ ತೊಂದರೆ ಕೊಡಬಹುದು. ನನಗೆ ಇದು ಕೊನೆಯ ಸೆಮಿಸ್ಟರ್. ಪೋಸ್ಟಲ್ ಆರ್ಡರ್ ಕುಶಾಲನಗರ ಅಂಚೆ ಕಚೇರಿಯಲ್ಲೇ ಸಿಗುತ್ತದೆ.

ವಿವಿ ಕಚೇರಿ, ಹೊರಗುತ್ತಿಗೆ ನೌಕರ:

ತಮ್ಮಾ, ಹಾಕುವಾಗ ಇನ್ನೊಂದು ಬೇರೆ ಅರ್ಜಿ ಹಾಕು. ಹೊರಗುತ್ತಿಗೆಯವರು ಎಷ್ಟು ಜನ, ಯಾವ ಏಜೆನ್ಸಿ, ಪ್ರತಿ ತಿಂಗಳ ಪಿಎಫ್ ಚಲನ್ ಪ್ರತಿ. ಅಡುಗೆಯವರ ಹೆಸರಿನ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಅರ್ಜಿಗೆ ಹಾಕಬೇಡ, ಉತ್ತರ ಬಂದಮೇಲೆ ಕೂತು ತಾಳೆ ನೋಡೋಣ.

ಮಡಿಕೇರಿ ಅಧ್ಯಾಪಕ:

ಎಲ್ಲ ಅರ್ಜಿಗಳ ಖರ್ಚು ನನ್ನದು. ಕಾಲೇಜಿನ ಅರ್ಜಿಗೆ ಪೊನ್ನಂಪೇಟೆಯವರು ಪೋಷಕರಾಗಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಸಂಘದ ಮುಂದಿನ ಸಭೆಯಲ್ಲಿ ಸೆಕ್ಷನ್ ಸೇರಿಸುವ ವಿಷಯವನ್ನು ನಾನು ಮತ್ತು ಮೇಡಂ ಇಬ್ಬರೂ ಸೇರಿ ಮಂಡಿಸುತ್ತೇವೆ. ಅತಿಥಿಗಳಿಗೆ ಸದಸ್ಯತ್ವ ಕೊಡಲು ಬೈಲಾ ತಿದ್ದುಪಡಿಯನ್ನೂ ಅದೇ ದಿನ ಇಡುತ್ತೇವೆ. ಸೋಮವಾರಪೇಟೆ ಮೇಡಂ, ನೀವು ಬಂದು ಮಾತಾಡಬೇಕು.

ಪೊನ್ನಂಪೇಟೆ ಬೆಳೆಗಾರ:

ಸಹಿ ಹಾಕುತ್ತೇನೆ. ಕಾಗದ ಮಗಳ ಕೈಯಲ್ಲಿ ಕಳಿಸಿ.